ಹಕ್ಕಿಯ ಮನೆಗೆ ಹೋಗುವ ರೀತಿ

ಕಳೆದ ಚೈತ್ರಮಾಸದಲ್ಲಿ ನಾವು ಮಕ್ಕಳು ಮೊಮ್ಮಕ್ಕಳೊಡನೆ ತಿಪಟೂರಿನಿಂದ ಹೊರಟು, ತುರುವೇಕೆರೆ ನಾಗಮಂಗಲಗಳ ಮಾರ್ಗವಾಗಿ ಶ್ರೀರಂಗಪಟ್ಟಣವನ್ನು ಸೇರಿ, ಅಲ್ಲಿಗೆ ಸಮೀಪದ ರಂಗನತಿಟ್ಟನ್ನು ನೋಡಿಬಂದೆವು. ಕೊಬ್ಬರಿಯ ಸೀಮೆಯವರಾದ ನಮಗೆ ನೀರೆಂದರೆ ಕೆರೆಯ ನೀರು; ಹೊಳೆಯ ನಡುವಣ ಮರಗಳಲ್ಲಿ ಎಲೆಗಿಂತ ಹಕ್ಕಿಯೇ ಹೆಚ್ಚೆನ್ನಿಸುವ ಆ ನೋಟ ಹೊಸದು.

ಸ್ಥಳದ ವೃತ್ತಾಂತವೂ ಕೇಳತಕ್ಕದ್ದೇ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಈ ತಿಟ್ಟುಗಳಾದುವು. ಮನುಷ್ಯರು ತಮಗೆಂದು ಮಾಡಿಕೊಂಡ ಕಾರ್ಯದ ಫಲವನ್ನು ಹಕ್ಕಿಗಳೂ ಉಂಡುವು. ಸುತ್ತಲೂ ನೀರಿರುವುದರಿಂದ ನಾಯಿ ಬೆಕ್ಕುಗಳ ಭಯವಿಲ್ಲ. ಹೊಳೆಯಲ್ಲಿ ಮೀನು, ನೆರೆಯ ಗದ್ದೆಗಳಲ್ಲಿ ಬಸವನಹುಳು. ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರು ಇದನ್ನು ಕಂಡು ಮೈಸೂರಿನ ಮಹಾರಾಜರಿಗೆ ಬಿನ್ನವಿಸಲು, 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಲೋಕದ ಮುಖ್ಯ ಜಲಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ದೋಣಿಯಲ್ಲಿ ಹೋಗುತ್ತಿರಲು, ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆ, ಚಮಚದಂತಹ ಕೊಕ್ಕಿನಿಂದ ನೀರನ್ನು ಜಾಲಾಡುವ ಹಕ್ಕಿ, ಕೊಕ್ಕಿನ ನಡುವೆ ಸಂದುಳ್ಳ ಬಾಯ್ಕಳಕ, ಒಂದೊಂದೂ ಕಂಡುವು. ಒಂದು ಮರದಲ್ಲಿ ಬಣ್ಣದ ಕೊಕ್ಕರೆಯು ರೆಕ್ಕೆಗಳನ್ನು ಅರೆಬಿಚ್ಚಿ ಬಿಸಿಲಿಗೆ ಬೆನ್ನೊಡ್ಡಿ ನಿಂತಿದ್ದಿತು. ಅದು ಹಾರುವ ಅಂದವನ್ನು ಮೊಮ್ಮಗನು ನೋಡಲೆಂದು ನಾವು ಚಪ್ಪಾಳೆ ತಟ್ಟಿದೆವು. ದೋಣಿಯವನು ಹುಟ್ಟು ನಿಲ್ಲಿಸಿ, "ಬೇಡಿ ಸ್ವಾಮಿ, ಅದು ಮರಿಗೆ ನೆರಳು ಹಿಡಿದೈತೆ. ಎದ್ದುಹೋದರೆ ಮರಿ ಬಿಸಿಲಿಗೆ ಬೇಯ್ತದೆ, ಕಾಗೆ ಬೇರೆ ಕಾದಿರ್ತದೆ" ಎಂದನು. ನೋಡಲಾಗಿ ಆ ನೆರಳಿನಲ್ಲಿ ಮೂರು ಪುಟ್ಟ ತಲೆಗಳು! ನಮ್ಮ ಮನೆಯಾಕೆ ಮೆಲ್ಲನೆ, "ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುವುದುಂಟೇ?" ಎಂದಳು. ಕ್ರೌಂಚಪಕ್ಷಿಯ ಶೋಕದಿಂದ ವಾಲ್ಮೀಕಿಯ ಬಾಯಲ್ಲಿ ಶ್ಲೋಕ ಹುಟ್ಟಿದ ಕಥೆಯನ್ನು ಮೂವತ್ತು ವರ್ಷ ಪಾಠಹೇಳಿದ ನಾವು ತಲೆತಗ್ಗಿಸಿದೆವು. ಪುಣ್ಯಕ್ಕೆ ಕೊಕ್ಕರೆ ಕದಲಲಿಲ್ಲ.

ಊರಿಗೆ ಮರಳಿದ ಮರುದಿನ, ಸುಳಿ ಬಿದ್ದು ಮೊಂಡಾಗಿದ್ದ ಒಂದು ತೆಂಗನ್ನು ಉರುಳಿಸಲು ತೋಟಕ್ಕೆ ಆಳುಗಳು ಬಂದರು, ನಾವೇ ಹೇಳಿಕಳುಹಿಸಿದ್ದೆವು. ಮೊಮ್ಮಗನು ಮರದ ಪೊಟರೆಯಿಂದ ಇಣುಕುತ್ತಿದ್ದ ಗಿಣಿಯನ್ನು ತೋರಿಸಿ, "ತಾತಾ, ಇಲ್ಲೂ ಬಾಣಂತಿ ಇದಾಳಾ?" ಎಂದನು. ಕೊಳೆತ ಮರದಲ್ಲಿ ಸುಳಿ ಕೊರೆಯುವ ದುಂಬಿ ಬೆಳೆಯುವುದನ್ನು ತೋಟದವರೆಲ್ಲರೂ ಬಲ್ಲರು. ಉಳಿದ ಮರಗಳ ಕ್ಷೇಮಕ್ಕಾಗಿ ಅದನ್ನು ತೆಗೆಯಲೇಬೇಕು. ಆದರೆ ಮರಿಗಳು ಹಾರುವವರೆಗೆ ತಾಳಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲವಷ್ಟೆ. ಆಳುಗಳಿಗೆ ದಿನದ ಕೂಲಿಯನ್ನು ಕೊಟ್ಟು ಕಳುಹಿಸಿದೆವು.

ವಾಚಕರು ರಂಗನತಿಟ್ಟಿಗೆ ಹೋಗುವುದಾದರೆ ಮಾಘದಿಂದ ವೈಶಾಖದವರೆಗೆ ಗೂಡುಗಳ ಕಾಲ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಡೆಯದು. ಬೆಳಗ್ಗೆಯೇ ಹೋಗಿರಿ, ಮಾತನ್ನು ದಡದಲ್ಲಿ ಬಿಟ್ಟು ದೋಣಿಯನ್ನು ಹತ್ತಿರಿ.