ಆ ಟ್ಯೂಬ್ ಮುಖಕ್ಕೆ ಬೇಡ

ನ್ಯೂ ಟೌನಿನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮುಖ್ಯವಾಗಿ ಕಾಲೇಜಿಗೆ ಹೋಗುವ ಮಕ್ಕಳೇ,

ಮುಖ ತೊಳೆಯುವುದನ್ನು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ ಊರಿದು. ಪಾಳಿ ಮುಗಿಸಿ ಬಂದವರು ಕಾಫಿಗಿಂತ ಮೊದಲು ಬಚ್ಚಲಿಗೆ ಹೋಗುತ್ತಿದ್ದರು. ಆದರೂ ಈ ಮನವಿ ಬರೆಯಬೇಕಾಗಿ ಬಂದದ್ದು, ವೈದ್ಯರ ಚೀಟಿಯಿಲ್ಲದೆ ಮನೆ ಸೇರುವ ಒಂದು ಪುಟ್ಟ ಟ್ಯೂಬಿನಿಂದಾಗಿ.

‘ಮುಂದಿನ ತಿಂಗಳು ಮದುವೆ ಇದೆ, ಮುಖ ಬೆಳ್ಳಗಾಗೋಕೆ ಏನಾದ್ರೂ ಕೊಡಿ’ ಎಂದು ಕೇಳಿ ತರುವ ಮುಲಾಮುಗಳಲ್ಲಿ ಕೆಲವು ಸ್ಟಿರಾಯ್ಡ್ ಮುಲಾಮುಗಳು. ಟ್ಯೂಬನ್ನು ತಿರುಗಿಸಿ ಸಣ್ಣಕ್ಷರ ಓದಿ: ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್. ಇಸುಬಿನಂಥ ಕಾಯಿಲೆಗೆ ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಇವು ಒಳ್ಳೆಯ ಔಷಧಿಗಳೇ. ಅವನ್ನೇ ತಿಂಗಳುಗಟ್ಟಲೆ ಮುಖಕ್ಕೆ ಬಳಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಸಣ್ಣ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಹೆಚ್ಚುತ್ತದೆ, ಕೆಲವರಿಗೆ ಮುಖದ ಮೇಲೆ ರೋಮ ಬರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದಲ್ಲ, ಮೋಸವಿರುವುದೇ ಅಲ್ಲಿ. ನಿಲ್ಲಿಸಿದ ಕೂಡಲೇ ಉರಿ, ಕೆಂಪು. ಅದಕ್ಕೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ತಂದಿತು. ನಿಯಮವಿದ್ದರೂ ಕೇಳುವವರು ನಾವೇ ಆದಾಗ ಕೊಡುವವರನ್ನು ಮಾತ್ರ ಬೈದು ಏನು ಬಂತು? ಹೆಸರು ವಿಳಾಸವಿಲ್ಲದ ಬೆಳ್ಳಗಾಗುವ ಕ್ರೀಮುಗಳ ಕಥೆ ಇನ್ನೂ ಕೆಟ್ಟದ್ದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥವನ್ನು ಹಚ್ಚಿಕೊಂಡವರ ಮೂತ್ರಪಿಂಡಕ್ಕೇ ಪೆಟ್ಟು ಬಿದ್ದಿತ್ತು. ವೈದ್ಯರು ಬೊಟ್ಟು ಮಾಡಿದ್ದು ಕ್ರೀಮಿನೊಳಗಿನ ಪಾದರಸದತ್ತ.

ಕಾಗದದ ಕಾರ್ಖಾನೆ ಎಂಪಿಎಂ ಬಾಗಿಲು ಹಾಕಿದೆ, ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್‌ನ ಗುತ್ತಿಗೆ ಕೆಲಸಕ್ಕೆ ಖಾತ್ರಿಯಿಲ್ಲ. ಇಂಥ ಹೊತ್ತಲ್ಲಿ ದುಡ್ಡು ಕೊಟ್ಟು ಮುಖ ಕೆಡಿಸಿಕೊಳ್ಳುವುದೇಕೆ? ಮುಖಕ್ಕೆ ಬೇಕಾದ್ದು ಬಹಳ ಕಡಿಮೆ. ಬೆಳಿಗ್ಗೆ ಬರೀ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಸಂಜೆ, ಧೂಳು ಬೆವರು ಹತ್ತಿದಾಗ, ಹೆಸರುಹಿಟ್ಟು. ಬೇಳೆಯನ್ನು ನುಣ್ಣಗೆ ಬೀಸಿ, ತೆಳು ಬಟ್ಟೆಯಲ್ಲಿ ಸೋಸಿಡಿ. ತರಿ ಉಳಿದರೆ ಚರ್ಮ ಗೀಚುತ್ತದೆ. ಒಂದು ಚಮಚ ಅಂಗೈಗೆ ಹಾಕಿಕೊಂಡು ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಬೆರಳ ತುದಿಯಿಂದ ಹಗುರವಾಗಿ ಸವರಿ, ಒಣಗಲು ಬಿಡದೆ ತೊಳೆದುಬಿಡಿ. ಉಜ್ಜಬೇಡಿ, ಇದು ಪಾತ್ರೆಯಲ್ಲ. ಮೆತ್ತನೆಯ ಹಳೇ ಪಂಚೆಯ ತುಂಡಿನಿಂದ ಒತ್ತಿ ಒರೆಸಿ.

ಸೋಪೇ ಬೇಕೆನ್ನುವವರು ದಿನಕ್ಕೊಮ್ಮೆ ಹಾಕಲಿ, ಸಾಕು. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ, ಸಾಮಾನ್ಯ ಸೋಪು ಕ್ಷಾರೀಯ. ಮತ್ತೆ ಮತ್ತೆ ಹಚ್ಚಿದರೆ ಮುಖ ಬಿಗಿದುಕೊಳ್ಳುವುದು ಅದಕ್ಕೇ. ಡಿಸೆಂಬರಿನ ಚಳಿಗೆ ಕೆನ್ನೆ ಒಡೆದರೆ, ಮುಖದ ಪಸೆ ಆರುವ ಮೊದಲೇ ಎರಡು ಹನಿ ಕೊಬ್ಬರಿ ಎಣ್ಣೆ. ಮೊಡವೆ ಇರುವವರು ಮಾತ್ರ ಎಣ್ಣೆ ಮುಟ್ಟಬಾರದು, ರಂಧ್ರ ಮುಚ್ಚಿ ಇನ್ನಷ್ಟು ಏಳುತ್ತವೆ.

ಅಡುಗೆಮನೆಯಲ್ಲಿರುವುದೆಲ್ಲ ಒಳ್ಳೆಯದು ಎನ್ನುವ ನಂಬಿಕೆಯನ್ನೂ ಬಿಡೋಣ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಬಂದು ಕಪ್ಪು ಕಲೆ ಕೂರಬಹುದು. ಅಡುಗೆ ಸೋಡಾ, ಟೂತ್‌ಪೇಸ್ಟ್ ಎರಡೂ ಬೇಡ. ಬಿಸಿಲಿಗೆ ಕೊಡೆ ಹಿಡಿಯಿರಿ. ಗಂಡಸರಿಗೇನೂ ನಾಚಿಕೆ ಬೇಡ.

ಹೆಣ್ಣು ನೋಡಲು ಹೋಗುವ ಹಿರಿಯರಲ್ಲಿ ಒಂದು ಮಾತು. ‘ಹುಡುಗಿ ಸ್ವಲ್ಪ ಕಪ್ಪು’ ಎಂದು ನೀವು ಹೊರಡುವಾಗ ಅನ್ನುವ ಮಾತು ಒಳಮನೆಗೆ ಕೇಳಿಸುತ್ತದೆ. ಟ್ಯೂಬ್ ಬರುವುದು ಅದರ ಮಾರನೇ ದಿನ.

ಈಗಾಗಲೇ ತಿಂಗಳುಗಳಿಂದ ಸ್ಟಿರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಗಾಬರಿಯಾಗಿ ನೀವೇ ನಿಲ್ಲಿಸಲು ಹೋಗಬೇಡಿ. ಎಷ್ಟು ದಿನದಲ್ಲಿ, ಹೇಗೆ ಬಿಡಿಸಬೇಕೆಂದು ಚರ್ಮರೋಗ ವೈದ್ಯರು ಹೇಳುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಖಾಲಿಯಾಗಿದ್ದರೂ ಸರಿ, ಆ ಟ್ಯೂಬನ್ನು ಬ್ಯಾಗಿಗೆ ಹಾಕಿಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.