ಕಳೆಯೆಂದು ಪೈರು ಕೀಳುವ ಡೇಟಾಬೇಸ್ ಸ್ವಚ್ಛತೆ

ವರ್ಡ್‌ಪ್ರೆಸ್ ತಾಣದಿಂದ ಪ್ಲಗಿನ್ ಒಂದನ್ನು ಡಿಲೀಟ್ ಮಾಡಿದರೆ ಅದರ ಫೈಲುಗಳು ಹೋಗುತ್ತವೆ. ಡೇಟಾಬೇಸಿನಲ್ಲಿ ಅದು ಬರೆದಿಟ್ಟದ್ದೂ ಹೋಗುತ್ತದೆಂಬ ಖಾತ್ರಿಯಿಲ್ಲ. ಆ ಕೆಲಸ ಪ್ಲಗಿನ್ ಬರೆದವರದು. ಹಲವರು ಅದನ್ನು ಮಾಡುವುದಿಲ್ಲ. ಕೆಲವರು ಬೇಕೆಂದೇ ಬಿಡುತ್ತಾರೆ. ಆನ್‌ಲೈನ್ ಅಂಗಡಿಗಳು ಬಳಸುವ ವೂಕಾಮರ್ಸ್ ತೆಗೆದರೂ ಆರ್ಡರುಗಳು ಉಳಿಯುತ್ತವೆ. ಅವೂ ಅಳಿಯಬೇಕಿದ್ದರೆ ತಾಣದ ಕಾನ್ಫಿಗ್ ಫೈಲಿನಲ್ಲಿ ಮೊದಲೇ ಒಂದು ಸಾಲು ಸೇರಿಸಿರಬೇಕು. ವರ್ಷಗಟ್ಟಲೆಯ ವ್ಯಾಪಾರದ ಲೆಕ್ಕ ಒಂದು ಕ್ಲಿಕ್ಕಿಗೆ ಮಾಯವಾಗಬಾರದೆಂಬ ಈ ಎಚ್ಚರ ಸರಿಯಾದದ್ದೇ.

ಹೀಗೆ ಉಳಿದದ್ದನ್ನು ಹೆಸರು ನೋಡಿ ಅಳಿಸಹೊರಟಾಗ ಅಪಾಯ ಶುರು. ತೆಗೆದುಹಾಕಿದ ಪ್ಲಗಿನ್‌ನ ಸೆಟ್ಟಿಂಗುಗಳೆಲ್ಲ ‘ಡಬ್ಲ್ಯುಪಿ_’ ಎಂದು ಆರಂಭವಾಗುತ್ತವೆ ಎನ್ನೋಣ. ಸೆಟ್ಟಿಂಗುಗಳಿರುವ ಆಪ್ಷನ್ಸ್ ಟೇಬಲಿನಲ್ಲಿ ಹಾಗೆ ಆರಂಭವಾಗುವುದನ್ನೆಲ್ಲ ಅಳಿಸು ಎಂದು ಒಂದೇ ಸಾಲಿನ ಎಸ್‌ಕ್ಯೂಎಲ್ ಆದೇಶ ಕೊಟ್ಟರೆ ಸಾಕು, ಅದೇ ಟೇಬಲಿನ ‘ಡಬ್ಲ್ಯುಪಿ_ಯೂಸರ್_ರೋಲ್ಸ್’ ಕೂಡ ಹೋಗುತ್ತದೆ. ಅಡ್ಮಿನ್ ಯಾವ ಕೆಲಸ ಮಾಡಬಹುದು, ಎಡಿಟರ್ ಯಾವುದನ್ನು ಮಾಡಬಹುದು ಎಂಬುದೆಲ್ಲ ಇರುವುದು ಆ ಒಂದು ಸಾಲಿನಲ್ಲಿ. ಆಮೇಲೆ ಪಾಸ್‌ವರ್ಡ್ ಸರಿಯಿದ್ದರೂ ಮಾಲೀಕನಿಗೇ ಡ್ಯಾಶ್‌ಬೋರ್ಡ್ ತೆರೆಯುವುದಿಲ್ಲ. ಸಾಲದ್ದಕ್ಕೆ, ಎಸ್‌ಕ್ಯೂಎಲ್‌ನ ‘ಲೈಕ್’ ಹುಡುಕಾಟದಲ್ಲಿ ಅಂಡರ್‌ಸ್ಕೋರ್ ಎಂದರೆ ಯಾವುದಾದರೂ ಒಂದು ಅಕ್ಷರ. ಹಾಗಾಗಿ ಯೋಸ್ಟ್ ಪ್ಲಗಿನ್‌ನ ‘ಡಬ್ಲ್ಯುಪಿಎಸ್‌ಇಒ’ ಸೆಟ್ಟಿಂಗುಗಳೂ ಜೊತೆಗೇ ಅಳಿಯುತ್ತವೆ.

ಕೆಲವು ಟೇಬಲುಗಳಿಗೆ ಒಬ್ಬನೇ ಯಜಮಾನನಿರುವುದಿಲ್ಲ. ನಿಗದಿತ ಕೆಲಸಗಳನ್ನು ಹಿನ್ನೆಲೆಯಲ್ಲಿ ನಡೆಸುವ ಆ್ಯಕ್ಷನ್ ಶೆಡ್ಯೂಲರ್ ವೂಕಾಮರ್ಸ್‌ನೊಂದಿಗೆ ಬರುತ್ತದೆ. ಬೇರೆ ಹಲವು ಪ್ಲಗಿನ್‌ಗಳೂ ಅದನ್ನೇ ಬಳಸುತ್ತವೆ. ಅಂಗಡಿ ಮುಚ್ಚಿದೆವೆಂದು ಅದರ ಟೇಬಲುಗಳನ್ನು ಕಿತ್ತರೆ ಇನ್ನಾವುದೋ ಪ್ಲಗಿನ್ ನಿಗದಿ ಮಾಡಿಟ್ಟ ಕೆಲಸ ಸದ್ದಿಲ್ಲದೆ ನಿಂತುಹೋಗುತ್ತದೆ.

ಇಷ್ಟಕ್ಕೂ ಅಳಿಸಿದರೆ ಸಿಗುವ ಲಾಭವೇನು? ಯಾರೂ ಓದದ ಟೇಬಲ್ ಒಂದಷ್ಟು ಡಿಸ್ಕ್ ತಿನ್ನುತ್ತದೆ, ಅಷ್ಟೆ. ತಾಣವನ್ನು ನಿಧಾನಗೊಳಿಸುವುದು ಪ್ರತಿ ಪುಟಕ್ಕೂ ತಾನಾಗಿ ಲೋಡ್ ಆಗುವ ಆಪ್ಷನ್‌ಗಳು. ಅವು 800 ಕೆಬಿ ದಾಟಿದರೆ 2024ರ 6.6ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ಸೇ ಎಚ್ಚರಿಸುತ್ತದೆ. ತೆಗೆದ ಪ್ಲಗಿನ್ ಬಿಟ್ಟುಹೋದ ಅಂಥವುಗಳ ಆಟೊಲೋಡ್ ಮಾತ್ರ ನಿಲ್ಲಿಸಿ ಕೆಲವು ವಾರ ಕಾಯುವುದು ಜಾಣತನ. ವೇಗ ಅಷ್ಟರಲ್ಲೇ ಮರಳುತ್ತದೆ, ಬೇಡವೆನಿಸಿದರೆ ಮೊದಲಿನಂತೆ ಮಾಡಲೂಬಹುದು. ಟೇಬಲ್ ಡ್ರಾಪ್ ಮಾಡಿದರೆ ಆ ಅವಕಾಶವಿಲ್ಲ; ಮೈಎಸ್‌ಕ್ಯೂಎಲ್ ಅದನ್ನು ಕೂಡಲೇ ಕಾಯಂ ಮಾಡಿಬಿಡುತ್ತದೆ.

ಬ್ಯಾಕಪ್ ಇದೆಯಲ್ಲ ಎನ್ನುವವರು 2017ರ ಜನವರಿ 31ರಂದು ಕೋಡ್ ಸಂಗ್ರಹಿಸಿಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ನೋಡಬೇಕು. ಡೇಟಾಬೇಸಿನ ಪ್ರತಿ ಇಟ್ಟಿದ್ದ ಸರ್ವರಿನಲ್ಲಿ ಅಳಿಸಬೇಕಿದ್ದ ಡೈರೆಕ್ಟರಿಯನ್ನು ಎಂಜಿನಿಯರೊಬ್ಬರು ಮುಖ್ಯ ಸರ್ವರಿನಲ್ಲೇ ಅಳಿಸಿದರು. ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನನಿತ್ಯ ಆಗುತ್ತಿದೆಯೆಂದು ನಂಬಿದ್ದ ಬ್ಯಾಕಪ್, ಸಾಫ್ಟ್‌ವೇರ್ ಆವೃತ್ತಿ ಹೊಂದಿಕೆಯಾಗದೆ ವಿಫಲವಾಗುತ್ತಿತ್ತು. ಕೈಹಿಡಿದದ್ದು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿ. ಇನ್ನೊಂದು ಸರ್ವರಿನಲ್ಲಿ ತೆರೆದು ನೋಡದ ಬ್ಯಾಕಪ್ಪನ್ನು ನಂಬಿ ಯಾರೂ ಡಿಲೀಟ್ ಒತ್ತಬಾರದು.

ಹಾಗೆಂದು ಎಲ್ಲವನ್ನೂ ಬಿಟ್ಟಿರುವುದೂ ತಪ್ಪು. ಸಂಪರ್ಕ ಫಾರ್ಮಿನ ಹಳೆಯ ಪ್ಲಗಿನ್ ಓದುಗರ ಹೆಸರು, ಫೋನ್ ನಂಬರುಗಳನ್ನು ಉಳಿಸಿ ಹೋಗಿರಬಹುದು. ಉದ್ದೇಶ ತೀರಿದ ಮೇಲೆ ಇಂಥ ಮಾಹಿತಿ ಅಳಿಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ. ಅದನ್ನು ಹುಡುಕುವ ಕಷ್ಟ ತಾಣದ ಮಾಲೀಕನ ತಲೆಗೇಕೆ? ಯಾವ ಟೇಬಲ್, ಯಾವ ಆಪ್ಷನ್ ತನ್ನದೆಂದು ಪ್ಲಗಿನ್ ಪಟ್ಟಿ ಕೊಡಬೇಕು. ತೆಗೆಯುವ ಹೊತ್ತಿಗೆ ಇದನ್ನೂ ಅಳಿಸಲೇ ಎಂದು ಕೇಳಬೇಕು.