ಮೂಳೆ ಮುರಿದಾಗ ಕಾರಣವನ್ನೂ ವಿಚಾರಿಸೋಣ

ನಮ್ಮ ಕುಂದುರ್ಪಿ ಸೀಮೆಯಲ್ಲಿ ಯಾರಾದರೂ ಕೈಕಾಲು ಮುರಿದುಕೊಂಡರೆ ಬಂಧುಬಳಗದವರು ಕೇಳುವ ಪ್ರಶ್ನೆಗಳು ಎರಡೇ. “ಎಲ್ಲಿ ಬಿದ್ದಿರಿ?” ಎಂಬುದೊಂದು, “ಕಟ್ಟು ಎಲ್ಲಿ ಹಾಕಿಸಿದಿರಿ?” ಎಂಬುದು ಮತ್ತೊಂದು. “ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿದದ್ದೇಕೆ?” ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯೇ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಮರದಿಂದ ಬಿದ್ದವನ ಕಾಲು ಮುರಿಯುವುದು ಸಹಜ. ಆದರೆ ಬಿಂದಿಗೆ ಎತ್ತುವಾಗ ಬೆನ್ನುಮೂಳೆ ಕುಸಿದರೆ, ಮಂಚದಿಂದ ಇಳಿಯುವಾಗ ತೊಡೆಯ ಮೂಳೆ ಮುರಿದರೆ, ಅಪರಾಧ ಬಿಂದಿಗೆಯದೂ ಅಲ್ಲ, ಮಂಚದ್ದೂ ಅಲ್ಲ. ಒಳಗಿನ ವ್ಯಾಧಿಯೊಂದು ಮೂಳೆಯನ್ನು ಮೊದಲೇ ದುರ್ಬಲಗೊಳಿಸಿರುತ್ತದೆ. ವೈದ್ಯರು ಇದನ್ನು ರೋಗಜನ್ಯ ಮುರಿತವೆನ್ನುತ್ತಾರೆ.

ಇದಕ್ಕೆ ಕಾರಣಗಳು ಹಲವು. ಮುಟ್ಟು ನಿಂತ ಸ್ತ್ರೀಯರಲ್ಲಿಯೂ ವೃದ್ಧರಲ್ಲಿಯೂ ಕಾಣುವ ಮೂಳೆ ಸವೆತ ಎಲ್ಲಕ್ಕಿಂತ ಸಾಮಾನ್ಯವಾದುದು. ಸ್ತನ, ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಹುಟ್ಟಿದ ಅರ್ಬುದ ರೋಗ ಮೂಳೆಗೆ ಹಬ್ಬಿ ಅದನ್ನು ಟೊಳ್ಳು ಮಾಡುವುದುಂಟು; ಎಷ್ಟೋ ವೇಳೆ ಮೂಳೆ ಮುರಿದ ಮೇಲೆಯೇ ಆ ರೋಗವಿರುವುದು ಗೊತ್ತಾಗುತ್ತದೆ. ಕ್ಷಯವು ಬೆನ್ನುಮೂಳೆಯನ್ನು ತಿನ್ನಬಲ್ಲದು. ಕೀಲುನೋವಿಗೆಂದು ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗುವ ಸ್ಟೀರಾಯ್ಡ್ ಗುಳಿಗೆಗಳೂ ಮೂಳೆಯನ್ನು ಸವೆಸುತ್ತವೆ.

ನಮ್ಮ ಸೀಮೆಗೆ ಇವೆಲ್ಲದರ ಜೊತೆಗೆ ಫ್ಲೋರೈಡಿನ ಕಾಟವೂ ಇದೆ. ಭಾರತದಲ್ಲಿ ಈ ರೋಗ 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿಯಾಯಿತು. ಅನಂತಪುರ ಜಿಲ್ಲೆಯೂ ನೆರೆಯ ಪಾವಗಡ ತಾಲ್ಲೂಕೂ ಇದರಿಂದ ಬಹುಕಾಲ ನೊಂದಿವೆ. ಮಳೆ ಕಡಿಮೆಯಾದಂತೆಲ್ಲ ಕೊಳವೆಬಾವಿಗಳು ಆಳಕ್ಕಿಳಿದವು. ಕಲ್ಲಿನೊಳಗಿನ ಫ್ಲೋರೈಡು ನೀರಿನೊಡನೆ ಮೇಲಕ್ಕೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಅಂಥ ನೀರಿನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಫ್ಲೋರೈಡು ಅತಿಯಾದ ನೀರನ್ನು ಬಹುವರ್ಷ ಕುಡಿದವರ ಬೆನ್ನು ಬಿಗಿದು ಬಾಗುತ್ತದೆ. ಎಕ್ಸರೇಯಲ್ಲಿ ಮೂಳೆ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರುತ್ತದೆ. ಕುದಿಸುವುದರಿಂದ ಫ್ಲೋರೈಡು ಹೋಗದು. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. 1990ರ ದಶಕದಲ್ಲಿ ಶ್ರೀ ಸತ್ಯಸಾಯಿ ನೀರಿನ ಯೋಜನೆ ಜಿಲ್ಲೆಯ ಏಳುನೂರಕ್ಕೂ ಹೆಚ್ಚು ಗ್ರಾಮಗಳಿಗೆ ನೀರು ತಂದುದು ಸ್ಮರಣೀಯ. ಆದರೂ ನಲ್ಲಿ ನಿಂತ ದಿನ ಕೊಳವೆಬಾವಿಗೆ ಬಿಂದಿಗೆ ಒಯ್ಯುವ ಅಭ್ಯಾಸ ಅಪಾಯಕರ.

ತಿರುಪತಿ ಕಡೆಯ ಪುತ್ತೂರು ಕಟ್ಟಿನ ಹೆಸರು ರಾಯಲಸೀಮೆಯಲ್ಲೆಲ್ಲ ಮನೆಮಾತು. ಸುಶ್ರುತ ಸಂಹಿತೆಯೇ ಮೂಳೆ ಮುರಿತದಲ್ಲಿ ಹನ್ನೆರಡು ಬಗೆಗಳನ್ನು ಎಣಿಸಿದೆ. ಈ ಪರಂಪರೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಎಂತಹ ಕುಶಲ ಕೈಯೂ ಮುರಿದುದನ್ನು ಜೋಡಿಸೀತೇ ಹೊರತು ಒಳಗಿನ ರೋಗವನ್ನು ಕಾಣಲಾರದು. ಅದಕ್ಕೆ ಎಕ್ಸರೇ ಬೇಕು, ರಕ್ತಪರೀಕ್ಷೆ ಬೇಕು. ಗೋಡೆ ಬಿರುಕು ಬಿಟ್ಟಾಗ ಗಾರೆ ಮೆತ್ತಿ ತಳಪಾಯ ನೋಡದವನನ್ನು ನಾವು ಜಾಣನೆನ್ನುವುದಿಲ್ಲ. “ವಯಸ್ಸಾಯಿತು, ಮುರಿಯಿತು” ಎಂದು ಸುಮ್ಮನಾಗುವುದೂ ಅಂತಹುದೇ. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಸಂಭವ ಹೆಚ್ಚು. ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದ ವೃದ್ಧರಲ್ಲಿ ಎಷ್ಟೋ ಮಂದಿ ಮರಳಿ ಏಳುವುದಿಲ್ಲ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನನ್ನ ವಿನಂತಿ ಇಷ್ಟೆ. ದೂರದ ಊರುಗಳಲ್ಲಿ ನೆಲೆಸಿರುವ ನೀವು ಹಬ್ಬಕ್ಕೆ ಬಂದಾಗ ತಂದೆತಾಯಿಗಳ ಬೆನ್ನು ಬಾಗಿದೆಯೇ, ಎತ್ತರ ಕುಗ್ಗಿದೆಯೇ ನೋಡಿರಿ. ಸಣ್ಣ ಪೆಟ್ಟಿಗೆ ಮೂಳೆ ಮುರಿದಿದ್ದರೆ ಕಟ್ಟಿನೊಡನೆ ಪರೀಕ್ಷೆಯನ್ನೂ ಮಾಡಿಸಿರಿ. ಮನೆಯವರು ಕುಡಿಯುವ ನೀರನ್ನು ಪರೀಕ್ಷೆಗೆ ಕಳುಹಿಸಿರಿ. ನೂರು ಗ್ರಾಮಿನಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇರುವ ನಮ್ಮ ರಾಗಿಯನ್ನು ಊಟದಿಂದ ದೂರ ಮಾಡದಿರಿ. “ಏಕೆ?” ಎಂದು ಕೇಳುವುದನ್ನು ಈ ಶಾಲೆ ನಿಮಗೆ ಕಲಿಸಿದೆ. ಆ ಪ್ರಶ್ನೆ ನಿಮ್ಮ ಹಿರಿಯರ ರಕ್ಷಣೆಗೂ ಒದಗಲಿ.